ಮಾಮುವಿನ ಉಗುರು

ಮಾಮು ತೀರಿಕೊಂಡ ಸುದ್ದಿ ಬಂದಾಗ ನಾನು ಕುಷ್ಟಗಿಯ ನಮ್ಮ ಮನೆಯ ಮುಂದೆ ಒಬ್ಬನ ಕೊರಳಪಟ್ಟಿ ಹಿಡಿದು ನಿಂತಿದ್ದೆ. ಅವನ ತಪ್ಪು ಇಷ್ಟೇ: ನಮ್ಮ ಗೇಟಿಗೆ ಅಡ್ಡವಾಗಿ ಬೈಕು ನಿಲ್ಲಿಸಿದ್ದ, ತೆಗೆ ಅಂದರೆ ತಡೀರಿ ಯಜಮಾನ್ರ ಅಂದಿದ್ದ. ಪೊಲೀಸ್ ನೌಕರಿಯಿಂದ ನಿವೃತ್ತನಾಗಿ ಎರಡು ವರ್ಷವಾಯಿತು, ಆದರೆ ಆ ವಿಷಯ ನನ್ನ ಕೈಗಳಿಗೆ ಇನ್ನೂ ಗೊತ್ತಾಗಿಲ್ಲ. ಕಿಸೆಯಲ್ಲಿ ಫೋನು ಬಡಿದುಕೊಂಡಿತು. ನನ್ನ ಹಳೆಯ ಜೀಪಿನ ಡ್ರೈವರ್. ಮಾಮು ಹೋದರು, ಮಧ್ಯಾಹ್ನದ ನಮಾಜು ಮುಗಿದ ಮೇಲೆ ಕೊಪ್ಪಳದಲ್ಲಿ ಮಣ್ಣು ಕೊಡುತ್ತಾರೆ ಅಂದ. ನಾನು ಕೊರಳಪಟ್ಟಿ ಬಿಟ್ಟೆ. ಆ ಹುಡುಗ ಬೈಕು ತೆಗೆಯುವುದನ್ನೂ ಮರೆತು, ಯಾರು ಹೋದ್ರು ಅಂಕಲ್ ಅಂತ ಕೇಳಿದ. ನಾನು ಹಾಳು ಮಾಡಿದ ಮನುಷ್ಯ ಅಂತ ಹೇಳಬೇಕಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಕೊನೆಗೆ ಹೇಳುತ್ತೇನೆ. ಎಲ್ಲರೂ ಅವರನ್ನು ಮಾಮು ಅನ್ನುತ್ತಿದ್ದರು. ಅಧಿಕಾರಿಗಳೂ ಮಾಮು ಅನ್ನುತ್ತಿದ್ದರು, ಚಹಾ ತರುವವನೂ ಮಾಮು ಅನ್ನುತ್ತಿದ್ದ. ಕೊಪ್ಪಳದ ನಮ್ಮ ಜಿಲ್ಲಾ ಆಯುಧಕೋಣೆಯ ಬಂದೂಕು, ಪಿಸ್ತೂಲುಗಳನ್ನು ರಿಪೇರಿ ಮಾಡಿ ಇಡುವ ಹವಾಲ್ದಾರರು ಅವರು. ಕುಳ್ಳ ಮನುಷ್ಯ, ಬಿಳಿ ಗಡ್ಡ, ಮೂಗಿನ ತುದಿಗೆ ಜಾರಿದ ಕನ್ನಡಕ. ಎಡಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಅರ್ಧ ಜೋಳದ ಕಾಳಿನಷ್ಟು ಉದ್ದ ಬಿಟ್ಟಿದ್ದರು. ಶುಕ್ರವಾರ ಒಂಬತ್ತು ಉಗುರು ಕತ್ತರಿಸಿಕೊಂಡು ಅದೊಂದನ್ನು ಉಳಿಸಿಕೊಳ್ಳುತ್ತಾರೆಂದು ಅವರ ಹೆಂಡತಿ ಬೈಯುತ್ತಿದ್ದರಂತೆ.

ಆ ಉಗುರು ಅವರ ಹತಾರ. ನಾನು ಸಬ್ ಇನ್ಸ್‌ಪೆಕ್ಟರ್ ಆಗಿ ಈ ಜಿಲ್ಲೆಗೆ ಬಂದ ಮೊದಲ ವಾರ ಪಿಸ್ತೂಲು ತೆಗೆದುಕೊಳ್ಳಲು ಅವರ ಕೋಣೆಗೆ ಹೋದೆ. ಒಂದನ್ನು ಬಿಚ್ಚಿ ಹಳೆಯ ಧೋತರದ ತುಂಡಿನ ಮೇಲೆ ಹರವಿದ್ದರು. ಕಣ್ಣು ಮುಚ್ಚಿಕೊಂಡು ಉಕ್ಕಿನ ಅಂಚಿನ ಮೇಲೆ ಆ ಉಗುರನ್ನು ಮೆಲ್ಲಗೆ ಎಳೆಯುತ್ತಿದ್ದರು. ಒಂದು ಕಡೆ ಉಗುರು ತಡೆಯಿತು. ಕಣ್ಣು ತೆರೆದು, ಅಲ್ಲಿ ಬೆರಳಿಟ್ಟು ನನಗೆ ತೋರಿಸಿದರು. ನನಗೆ ಏನೂ ಕಾಣಲಿಲ್ಲ. ಮುಟ್ಟಿ ನೋಡಿ ಅಂದರು. ಮುಟ್ಟಿದೆ, ಬೆರಳಿನ ತುದಿಯಲ್ಲಿ ಸಾಸಿವೆಯಷ್ಟು ರಕ್ತ ಬಂತು.

‘ಕಣ್ಣು ಸುಳ್ಳು ಹೇಳ್ತಾವ್ರಿ, ಉಗುರು ಹೇಳಂಗಿಲ್ಲ. ಗೀರು ಸಣ್ಣದು, ಗೋರಿ ದೊಡ್ಡದು’ ಅಂದರು.

ಇದು ಅವರ ಗಾದೆ. ಅವರೇ ಕಟ್ಟಿದ್ದು. ಕಾರ್ಖಾನೆಯ ಯಂತ್ರ ಉಕ್ಕನ್ನು ಕೊರೆಯುವಾಗ ಅಲ್ಲಲ್ಲಿ ಒಂದು ಗೆರೆ, ಒಂದು ಮುಳ್ಳು ಉಳಿದುಬಿಡುತ್ತದೆ. ಹತ್ತಕ್ಕೆ ಒಂಬತ್ತು ಸಲ ಅದರಿಂದ ಏನೂ ಆಗುವುದಿಲ್ಲ. ಪಿಸ್ತೂಲಿನ ಮೇಲಿನ ಭಾಗ ಹಿಂದೆ ಮುಂದೆ ಜಾರುತ್ತದೆ, ಅದಕ್ಕೆ ಸ್ಲೈಡು ಅನ್ನುತ್ತೇವೆ. ಗುಂಡು ಹಾರಿದ ಕೂಡಲೇ ಅದು ತಾನಾಗಿ ಹಿಂದೆ ಬಂದು ಖಾಲಿ ತೋಟಾವನ್ನು ಹೊರಗೆ ಎಸೆಯುತ್ತದೆ, ಮುಂದೆ ಹೋಗುವಾಗ ಹೊಸದನ್ನು ನಳಿಗೆಗೆ ತಳ್ಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಆ ದಾರಿಯಲ್ಲಿ ಎಲ್ಲಾದರೂ ತಡೆದರೆ ಕೈಯಲ್ಲಿರುವುದು ಪಿಸ್ತೂಲಲ್ಲ, ಕಬ್ಬಿಣದ ತುಂಡು. ಇದನ್ನು ಮಾಮು ಹೊಸದಾಗಿ ಬಂದ ಪ್ರತಿಯೊಬ್ಬನಿಗೂ ಹೇಳುತ್ತಿದ್ದರು. ನಾವು ತಲೆಯಾಡಿಸಿ ಹೊರಗೆ ಬಂದು ನಗುತ್ತಿದ್ದೆವು.

ಪಿಸ್ತೂಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳುವುದು ಅವರ ಇನ್ನೊಂದು ಚಟ. ಸ್ವಲ್ಪ ಕಟಕಟ ಅಂದರೆ ಅವರಿಗೆ ಸಮಾಧಾನ. ನನಗೆ ಬಿಗಿಯಾಗಿ, ಒಂದೇ ಎರಕದಂತೆ ಇರುವುದೇ ಉತ್ತಮ ಅನ್ನಿಸುತ್ತಿತ್ತು. ಅದಕ್ಕವರು, ನಮ್ಮ ಕಡೆ ಧೂಳು ನೋಡಿ ಆಯುಧ ಆರಿಸಬೇಕು ಅನ್ನುತ್ತಿದ್ದರು. ಕುಷ್ಟಗಿಯಲ್ಲಿ ಗ್ರಾನೈಟಿನ ಧೂಳು, ಕೊಪ್ಪಳದಲ್ಲಿ ಕಾರ್ಖಾನೆಗಳ ಕಪ್ಪು ಧೂಳು, ಗಂಗಾವತಿ ಕಾರಟಗಿ ಕಡೆ ಅಕ್ಕಿ ಗಿರಣಿಯ ಹೊಟ್ಟಿನ ಧೂಳು. ಬಿಗಿ ಪಿಸ್ತೂಲಿಗೆ ಇಷ್ಟು ಧೂಳು ಸಾಕು. ‘ಕೀಲು ಸಡಿಲ ಇದ್ದ ಬಾಗಿಲ ಸಪ್ಪಳ ಮಾಡ್ತೈತಿ ಖರೆ, ಆದ್ರ ಬೆಂಕಿ ಬಿದ್ದಾಗ ತೆರೀತೈತಿ’ ಅನ್ನುತ್ತಿದ್ದರು.

ಅವರ ಅಪ್ಪ ಗಂಗಾವತಿಯ ಸಂತೆಯಲ್ಲಿ ಚೂರಿ, ಕುಡುಗೋಲುಗಳಿಗೆ ಸಾಣೆ ಹಿಡಿಯುತ್ತಿದ್ದವರು. ಒಂದು ದಿನ ಬೆಳಿಗ್ಗೆ ಸಾಣೆ ಹಿಡಿದುಕೊಟ್ಟ ಚೂರಿಯಿಂದ ಮಧ್ಯಾಹ್ನವೇ ಒಬ್ಬನ ಹೊಟ್ಟೆ ಬಗೆದರು. ಪೊಲೀಸರು ಅಪ್ಪನನ್ನೂ ಎಳೆದುಕೊಂಡು ಹೋಗಿ ಮೂರು ದಿನ ಕೂರಿಸಿ ಹೊಡೆದರು, ನಾಲ್ಕನೆಯ ದಿನ ಬಿಟ್ಟರು. ಆಮೇಲೆ ಅಪ್ಪ ಸಾಣೆಕಲ್ಲನ್ನು ಕಾಲುವೆಗೆ ನೂಕಿಬಿಟ್ಟರಂತೆ. ಇದನ್ನು ಮಾಮು ನಗುತ್ತಲೇ ಹೇಳಿದ್ದರು. ಅಪ್ಪನನ್ನು ಹೊಡೆದ ಇಲಾಖೆಗೇ ಯಾಕೆ ಸೇರಿದಿರಿ ಅಂತ ಕೇಳಿದ್ದಕ್ಕೆ, ಕಬ್ಬಿಣದ ಕೆಲಸ ಬಿಟ್ಟರೆ ತನಗೆ ಬೇರೆ ಬರುತ್ತಿರಲಿಲ್ಲ, ಕಬ್ಬಿಣ ಹಿಡಿದವನು ಹೊಡೆಸಿಕೊಳ್ಳದ ಜಾಗ ಇದೊಂದೇ ಕಂಡಿತು ಅಂದರು. ಆಗ ನಾನೂ ನಕ್ಕಿದ್ದೆ.

ಮೆತ್ತಗಿನ ಮನುಷ್ಯ ಅಂತ ಯಾರೂ ತಿಳಿಯಬಾರದು. ಒಂದು ವರ್ಷ ಮೆರವಣಿಗೆಯ ಮೇಲೆ ಕಲ್ಲು ಬಿದ್ದು ಊರು ಹೊತ್ತಿಕೊಂಡಾಗ ಆಯುಧಕೋಣೆಯವರನ್ನೂ ಲಾಠಿ ಕೊಟ್ಟು ಬೀದಿಗೆ ಇಳಿಸಿದ್ದೆವು. ಎರಡೂ ಕಡೆಯವರು ಮಾಮುವನ್ನು ಬೈದರು: ಒಂದು ಕಡೆಯವರಿಗೆ ಅವರು ತಮ್ಮವರನ್ನು ಹೊಡೆಯುವ ಸಾಬಿ, ಇನ್ನೊಂದು ಕಡೆಯವರಿಗೆ ತಮ್ಮವರನ್ನು ಹೊಡೆಯುವ ಪೊಲೀಸ್. ಹುಬ್ಬಿಗೆ ಕಲ್ಲು ಬಿದ್ದು ಎಲುಬು ಕಾಣುವಂತೆ ಹರಿದಿತ್ತು. ಕರವಸ್ತ್ರ ಒತ್ತಿಕೊಂಡು ಸಂಜೆಯವರೆಗೆ ನಿಂತರು. ಹೊಲಿಗೆ ಹಾಕಿಸಿಕೊಂಡು ಬಂದವರೇ, ವಾಪಸಾದ ಆಯುಧಗಳ ನಳಿಗೆಯನ್ನು ಒಂದೊಂದಾಗಿ ಮೂಸಿ ನೋಡಿ, ಗುಂಡು ಹಾರಿಸಿಲ್ಲ ಅಂತ ಸುಳ್ಳು ಹೇಳಿದ ಒಬ್ಬನನ್ನು ಹಿಡಿದು ನಿಲ್ಲಿಸಿದರು. ಆ ಗಲಭೆ ಅವರಿಗೆ ಕಲಿಸಿದ್ದೇನು ಅನ್ನುವುದು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ಇನ್ನು ನನ್ನ ಪಾಪದ ಕಥೆಗೆ ಬರುತ್ತೇನೆ.

ಒಂಬತ್ತು ವರ್ಷಗಳ ಹಿಂದೆ ಹೊಸ ಪಿಸ್ತೂಲುಗಳು ಬಂದವು. ಕಪ್ಪಗೆ, ನುಣ್ಣಗೆ, ಪೆಟ್ಟಿಗೆಯ ವಾಸನೆ ಇನ್ನೂ ಹೋಗಿರಲಿಲ್ಲ. ನನಗೊಂದು ಬರೆದಿತ್ತು. ಆಗ ನಾನು ಕಾಲುವೆ ಸೀಮೆಯ ಒಂದು ಠಾಣೆಯಲ್ಲಿದ್ದೆ. ಓಡಿಬಂದರೆ ಮಾಮು ಕೊಡಲಿಲ್ಲ. ನನ್ನದರ ಸ್ಲೈಡು ಜಾರುವ ಹಳಿಯಲ್ಲಿ ಯಂತ್ರದ ಗೆರೆ ಉಳಿದಿತ್ತಂತೆ. ಹತ್ತು ದಿನ ಬೇಕು ಅಂದರು. ನಾನು ಕುಣಿದಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ದೀಪದ ಮಸಿಯನ್ನು ಹಳಿಗೆ ಸವರಿ, ಸ್ಲೈಡನ್ನು ಜಾರಿಸಿ, ಮಸಿ ಎಲ್ಲಿ ಅಳಿಸಿದೆಯೋ ಅಲ್ಲಿ ಮಾತ್ರ ಸಣ್ಣ ಅರದಿಂದ ಎರಡು ಸಲ ತೀಡಿ, ಮತ್ತೆ ಮಸಿ ಸವರಿದರು. ಮದುಮಗಳಿಗೆ ಕಾಡಿಗೆ ಹಚ್ಚುತ್ತಿದ್ದೀಯೇನೋ ಮುದುಕ ಅಂತ ಛೇಡಿಸಿದೆ. ತಲೆ ಎತ್ತಲಿಲ್ಲ.

ಹತ್ತನೆಯ ದಿನ ಕೊಟ್ಟರು. ಐವತ್ತು ಗುಂಡು ಹಾರಿಸಿ ನೋಡಿದ್ದರು, ಒಂದೂ ತಡೆದಿರಲಿಲ್ಲ. ಅರದಿಂದ ಗೀರು ತೆಗೆದದ್ದನ್ನು ತಮ್ಮ ಪುಸ್ತಕದಲ್ಲಿ ಬರೆದೂ ಇಟ್ಟಿದ್ದರು.

‘ಗೀರು ಹೋಗೈತ್ರಿ. ಆದ್ರ ಇದು ಭಾಳ ಬಿಗಿ ಫಿಟ್ಟಿಂಗ್. ನಾ ಕೊಡೋ ಎಣ್ಣಿ ಬಿಟ್ಟು ಬ್ಯಾರೆ ಏನೂ ಹಚ್ಚಬ್ಯಾಡ್ರಿ. ಪೂಜಾ ಆದ ಮ್ಯಾಲೆ ಎಂಟು ದಿನದಾಗ ನನ್ನ ಕಡೆ ತರಬೇಕು’ ಅಂದರು.

ಅದು ಅವರ ಕಾಯಿದೆ. ಮಹಾನವಮಿಗೆ ಎಲ್ಲ ಠಾಣೆಗಳಲ್ಲೂ ಆಯುಧ ಪೂಜೆ ಮಾಡುತ್ತೇವೆ. ಕಂಬಳಿ ಹಾಸಿ, ಬಂದೂಕು ಪಿಸ್ತೂಲು ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ, ಹೂವು ಏರಿಸಿ, ಕುಂಬಳಕಾಯಿ ಒಡೆಯುತ್ತೇವೆ. ಮಾಮು ಅದಕ್ಕೆ ಒಂದು ದಿನವೂ ಬೇಡ ಅಂದವರಲ್ಲ. ಆಯುಧಕೋಣೆಯ ಪೂಜೆಗೆ ಕಂಬಳಿ ಹಾಸುತ್ತಿದ್ದವರೇ ಅವರು. ನಳಿಗೆಯ ಬಾಯಿಗೆ ಹತ್ತಿ ತುರುಕಿ, ಸ್ಲೈಡಿನ ಮೇಲೆ ಕಾಗದ ಸುತ್ತಿ, ಕುಂಕುಮ ಹಿಡಿಕೆಗೆ ಮಾತ್ರ ಹಚ್ಚಿರಿ, ದೇವರಿಗೆ ಅಷ್ಟು ಸಾಕು ಅನ್ನುತ್ತಿದ್ದರು. ಬನ್ನಿ ಕೊಟ್ಟರೆ ಕಣ್ಣಿಗೊತ್ತಿಕೊಂಡು ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಹಬ್ಬ ಮುಗಿದ ಮರುದಿನದಿಂದ ಜಿಲ್ಲೆಯ ಆಯುಧಗಳನ್ನೆಲ್ಲ ತರಿಸಿ, ಬಿಚ್ಚಿ, ತೊಳೆಯುತ್ತಿದ್ದರು. ಅದನ್ನು ನಾವು ಮಾಮುವಿನ ಪೂಜೆ ಅನ್ನುತ್ತಿದ್ದೆವು.

ನನಗೆ ಅವರ ಮಾತು ಕಿವಿಗೆ ಬೀಳಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಹಾಗಾಗಿತ್ತು ನನಗೆ. ಪಿಸ್ತೂಲು ಎತ್ತಿ, ಬಾಗಿಲಲ್ಲಿ ನಿಂತಿದ್ದ ಗುಮಾಸ್ತನ ಎದೆಗೆ ಗುರಿಯಿಟ್ಟು, ಢಂ ಅಂದೆ. ತಮಾಷೆಗೆ. ಕಪಾಳಕ್ಕೆ ಏಟು ಬಿತ್ತು. ಎಣ್ಣೆಯ ಕೈ, ಗಡ್ಡದ ಮನುಷ್ಯ, ನನಗಿಂತ ಮೂರು ಮೆಟ್ಟಿಲು ಕೆಳಗಿನವರು. ಮಾಮು ಮೇಜಿನ ಮೇಲಿದ್ದ ಪೆನ್ನು ತೆಗೆದು ನನ್ನ ಮುಂದೆ ಹಿಡಿದರು.

‘ಈಗ ನನ್ನ ಮ್ಯಾಲೆ ರಿಪೋರ್ಟ್ ಬರೀರಿ ಸಾಹೇಬ್ರ. ಆದ್ರ ಇನ್ನೊಮ್ಮಿ ಮನಷ್ಯಾರ ಕಡೆ ಹಿಂಗ ಹಿಡೀಬ್ಯಾಡ್ರಿ.’

ನಾನು ಬರೆಯಲಿಲ್ಲ. ಗುಮಾಸ್ತನ ಮುಂದೆ ಹೊಡೆಸಿಕೊಂಡೆ ಅಂತ ಯಾರಿಗೆ ಬರೆಯಲಿ? ಆದರೆ ಈ ಮುದುಕನ ಹೊಸ್ತಿಲು ಇನ್ನು ತುಳಿಯುವುದಿಲ್ಲ ಅಂತ ಜೀಪಿನಲ್ಲಿ ಕೂತು ಆಣೆ ಮಾಡಿದೆ.

ಮಹಾನವಮಿಯ ದಿನ ನನ್ನ ಹೊಸ ಪಿಸ್ತೂಲು ಫೋಟೋದಲ್ಲಿ ಮಿಂಚಬೇಕಿತ್ತು. ಮನೆಯಿಂದ ಕೊಬ್ಬರಿ ಎಣ್ಣೆ ತಂದು ಮೇಲಿಂದ ಕೆಳಗೆ ಸುರಿದು ತಿಕ್ಕಿದೆ. ಹತ್ತಿ ಇಲ್ಲ, ಕಾಗದ ಇಲ್ಲ. ಅದರ ಮೇಲೆ ವಿಭೂತಿ, ಅದರ ಮೇಲೆ ಮುಷ್ಟಿ ಕುಂಕುಮ. ಕೆಂಪಗೆ, ಚೆಂದ ಕಂಡಿತು. ಹಬ್ಬದ ನಂತರ ಬನಿಯನ್ನಿನ ತುಂಡಿನಿಂದ ಮೇಲೆ ಮೇಲೆ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಮ್ಮ ಠಾಣೆಯಲ್ಲಿ ಯಮನೂರಪ್ಪ ಅಂತ ಒಬ್ಬ ಪೇದೆ ಇದ್ದ, ಎತ್ತರದ ಆಳು, ಮಾತು ಕಡಿಮೆ. ತಾನು ಹೇಗೂ ಕೊಪ್ಪಳಕ್ಕೆ ಹೋಗುವವನಿದ್ದೇನೆ, ಪಿಸ್ತೂಲು ಕೊಟ್ಟರೆ ಮಾಮುವಿನ ಹತ್ತಿರ ತೊಳೆಸಿಕೊಂಡು ಬರುತ್ತೇನೆ ಅಂತ ಬಂದು ನಿಂತ. ನಿನ್ನ ಕೆಲಸ ನೋಡಿಕೋ ಹೋಗಲೇ ಅಂದೆ. ಅವನು ಹೋದ. ಆ ಮಾತು ಈಗಲೂ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿದೆ.

ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಆ ವರ್ಷ ಚಳಿ ಜೋರು. ಮನೆಯಲ್ಲಿ ಕೊಬ್ಬರಿ ಎಣ್ಣೆಯ ಡಬ್ಬಿಯನ್ನು ಬಿಸಿಲಿಗಿಡದೆ ಎಣ್ಣೆ ಇಳಿಯುತ್ತಿರಲಿಲ್ಲ. ಒಬ್ಬ ಮನುಷ್ಯ ಹೋಟೆಲಿನಲ್ಲಿ ಇಬ್ಬರನ್ನು ಮಚ್ಚಿನಿಂದ ಕಡಿದು ಓಡಿಹೋಗಿದ್ದ. ಒಬ್ಬನ ಮುಂಗೈ ಚಹಾದ ಮೇಜಿನ ಮೇಲೇ ಉಳಿದಿತ್ತು, ಅದನ್ನು ನಾನೇ ಟವೆಲಿನಲ್ಲಿ ಸುತ್ತಿ ಕಳಿಸಿದ್ದೆ. ಎರಡನೆಯ ದಿನ ಬೆಳಿಗ್ಗೆ ಸುಳಿವು ಸಿಕ್ಕಿತು. ಕಾರಟಗಿಯ ಹೊರಗೆ ಮುಚ್ಚಿದ ಒಂದು ಅಕ್ಕಿ ಗಿರಣಿಯಲ್ಲಿ ಇದ್ದಾನೆ. ನಾನು, ಯಮನೂರಪ್ಪ, ಡ್ರೈವರ್, ಮೂವರೇ ಹೋದೆವು. ಹೆಚ್ಚು ಜನರಿಗೆ ಕಾಯಬೇಕಿತ್ತು. ನಾನು ಕಾಯುವ ಜಾತಿಯವನಲ್ಲ.

ಹೊಟ್ಟಿನ ಕೋಣೆಯ ಬಾಗಿಲು ಒದ್ದೆ. ಒಳಗೆ ಆಳೆತ್ತರದ ಹೊಟ್ಟಿನ ರಾಶಿ. ಅದರೊಳಗಿಂದಲೇ ಎದ್ದುಬಂದ, ಮೈಯೆಲ್ಲ ಹೊಟ್ಟು, ಕೈಯಲ್ಲಿ ಮಚ್ಚು. ನಿಲ್ಲು ಅಂತ ಕೂಗಿ ಮೇಲಕ್ಕೆ ಒಂದು ಗುಂಡು ಹಾರಿಸಿದೆ. ತಗಡಿನ ಸೂರು ತೂತಾಯಿತು. ಅವನು ನಿಲ್ಲಲಿಲ್ಲ, ನನ್ನ ಕಡೆಗೇ ಬಂದ. ಕಾಲಿಗೆ ಗುರಿಯಿಟ್ಟು ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ನೋಡಿದರೆ ಸ್ಲೈಡು ಹಿಂದೆ ಹೋದದ್ದು ಪೂರ್ತಿ ಮುಂದೆ ಬಂದಿಲ್ಲ, ಅರ್ಧ ಬೆರಳು ಬಾಯಿ ಬಿಟ್ಟುಕೊಂಡು ನಿಂತಿದೆ. ಅಂಗೈಯಿಂದ ಗುದ್ದಿದೆ. ಅಲ್ಲಾಡಲಿಲ್ಲ. ಮಚ್ಚು ಮೇಲೆ ಎದ್ದಿತ್ತು. ಯಮನೂರಪ್ಪ ಲಾಠಿ ಅಡ್ಡ ಹಿಡಿದು ನಡುವೆ ಬಂದ. ಲಾಠಿ ಎರಡು ತುಂಡಾಯಿತು, ಮಚ್ಚು ಅವನ ಕುತ್ತಿಗೆ ಮತ್ತು ಭುಜದ ಸಂದಿಯಲ್ಲಿ ಇಳಿಯಿತು. ರಕ್ತ ನನ್ನ ಬಾಯೊಳಗೆ ಬಿತ್ತು. ಹೊಟ್ಟು ಒಂದು ಗಳಿಗೆಯಲ್ಲಿ ಕೆಂಪಾಗಿ ಮುದ್ದೆಯಾಯಿತು.

ಆಮೇಲೆ ನಾನೇನು ಮಾಡಿದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಮಚ್ಚು ಎಲುಬಿಗೆ ಸಿಕ್ಕಿಕೊಂಡಿತ್ತು, ಅವನು ಅದನ್ನು ಕಿತ್ತುಕೊಳ್ಳುವಷ್ಟರಲ್ಲಿ ಮೇಲೆ ಬಿದ್ದೆ. ಕೆಟ್ಟು ನಿಂತ ಪಿಸ್ತೂಲಿನಿಂದಲೇ ಮುಖಕ್ಕೆ ಜಜ್ಜಿದೆ. ಹಲ್ಲು ಮುರಿದವು, ದವಡೆ ಮುರಿಯಿತು, ಅವನು ಕೈ ಬಿಟ್ಟ ಮೇಲೂ ಜಜ್ಜಿದೆ. ಡ್ರೈವರ್ ಬಂದು ನನ್ನ ಸೊಂಟ ಹಿಡಿದು ಎಳೆಯದಿದ್ದರೆ ಅಲ್ಲಿ ಎರಡು ಹೆಣ ಬೀಳುತ್ತಿದ್ದವು. ಆ ಮನುಷ್ಯ ಈಗ ಜೀವಾವಧಿ ಶಿಕ್ಷೆಯಲ್ಲಿದ್ದಾನೆ, ಅನ್ನವನ್ನು ಕಲಸಿ ನೀರು ಮಾಡಿಕೊಂಡು ಕುಡಿಯುತ್ತಾನಂತೆ. ಯಮನೂರಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಗಾವತಿ ಕಡೆಗೆ ಜೀಪು ಓಡಿಸಿದೆವು. ದಾರಿಯಲ್ಲಿ ಒಮ್ಮೆ ಕಣ್ಣು ಪಿಳುಕಿಸಿ, ‘ಕಣ್ಣಾಗ ಹೊಟ್ಟು ಬಿದ್ದೈತ್ರಿ ಸಾಹೇಬ್ರ’ ಅಂದ. ನಾನು ಅಂಗಿಯ ತುದಿಯಿಂದ ಒರೆಸಿದೆ. ಇನ್ನೊಂದು ಕಣ್ಣು ಒರೆಸುವಾಗ ಅವನು ಇರಲಿಲ್ಲ.

ಆ ಪಿಸ್ತೂಲನ್ನು ಅಲ್ಲೇ ಮೊಹರು ಮಾಡಬೇಕಿತ್ತು. ನಾನು ಅದನ್ನು ತೆಗೆದುಕೊಂಡು ನೇರ ಕೊಪ್ಪಳಕ್ಕೆ ಹೋದೆ. ನಿಜ ಹೇಳುತ್ತೇನೆ, ಮಾಮುವನ್ನು ಕೊಲ್ಲಬೇಕು ಅಂತಲೇ ಹೋದೆ. ಅಂಗಿ ರಕ್ತದಿಂದ ಬಿರುಸಾಗಿತ್ತು. ಮೇಜಿನ ಮೇಲೆ ಪಿಸ್ತೂಲು ಎಸೆದು, ನಿನ್ನ ಉಗುರು ನೋಡಿದ್ದು ಇದನ್ನೇನೋ ಅಂತ ಚೀರಿದೆ. ಅವರು ನನ್ನನ್ನು ನೋಡಿದರು, ಯಾರು ಅಂತ ಮಾತ್ರ ಕೇಳಿದರು. ಯಮನೂರಪ್ಪ ಅಂದೆ. ಕೂತರು. ಅವರ ತುಟಿ ಅಲುಗಿತು, ಅದು ಪ್ರಾರ್ಥನೆ ಇರಬೇಕು.

ಆಮೇಲೆ ಹಳೆ ಪತ್ರಿಕೆ ಹಾಸಿ, ಪಿಸ್ತೂಲು ಬಿಚ್ಚಿದರು. ಬಿಚ್ಚಲು ಅವರಿಗೂ ಕಷ್ಟವಾಯಿತು. ಹಳಿಯೊಳಗೆ ಉಗುರು ಎಳೆದು, ಉಗುರನ್ನು ಬಿಳಿ ಬಟ್ಟೆಗೆ ಒರೆಸಿದರು. ಕೆಂಪು, ದಪ್ಪ, ಬೆಣ್ಣೆಯಂತೆ ಹೆಪ್ಪುಗಟ್ಟಿದ ಮಣ್ಣು. ಮೂಸಿ ನೋಡಿದರು. ನನಗೂ ಮೂಸಲು ಕೊಟ್ಟರು. ಕೊಬ್ಬರಿ ಎಣ್ಣೆಯ ವಾಸನೆ.

‘ಇದು ರಕ್ತ ಅಲ್ರಿ. ಕುಂಕುಮ. ಎಣ್ಣಿ ಕೂಡ ಗಟ್ಟಿಯಾಗಿ ಕುಂತೈತಿ’ ಅಂದರು. ಮೆಲ್ಲಗೆ ಅಂದರು, ಬೈಯಲಿಲ್ಲ.

ಯಾರನ್ನೋ ಕೊಲ್ಲಲು ಬಂದವನಿಗೆ ಕೊಂದವನು ನಾನೇ ಅಂತ ಗೊತ್ತಾಯಿತು. ಅವರು ಬಾಗಿಲು ಮುಂದೆ ಮಾಡಿ ಬಂದು ಹೇಳಿದ ಮಾತುಗಳನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ.

‘ಸಾಹೇಬ್ರ, ಇದನ್ನ ನೀವ ಹೇಳಬೇಕು. ನಾ ಹೇಳಂಗಿಲ್ಲ. ಪೂಜಾದ ಕುಂಕುಮದಿಂದ ಪೊಲೀಸ ಸತ್ತ ಅಂತ ನನ್ನಂಥವನ ಬಾಯಾಗ ಬಂದ್ರ ಊರಾಗ ಏನಾಗ್ತೈತಿ, ನೀವೂ ನೋಡೀರಿ, ನಾನೂ ನೋಡೀನಿ. ಒಬ್ಬನ ಹೆಣ ಬಿದ್ದೈತಿ, ಸಾಕು. ನಿಮ್ಮ ಬಾಯಿಂದ ಬಂದ್ರ ಅದು ಬರೇ ತಪ್ಪು. ನನ್ನ ಬಾಯಿಂದ ಬಂದ್ರ ಬೆಂಕಿ.’

ತಾನು ಇದನ್ನು ತೊಳೆಯುವುದಿಲ್ಲ, ಹೀಗೇ ಮೊಹರು ಮಾಡೋಣ, ನಮಾಜು ಮಾಡಿ ಬರುತ್ತೇನೆ ಅಂತ ಹೇಳಿ ಹೋದರು. ಬಿಚ್ಚಿದ ಪಿಸ್ತೂಲು, ಸೀಮೆಎಣ್ಣೆಯ ಬಟ್ಟಲು, ಬ್ರಷ್ಷು, ನಾನು. ಇಷ್ಟೇ ಕೋಣೆಯಲ್ಲಿ.

ನಾನು ತೊಳೆದೆ. ಹಳಿ, ಸ್ಪ್ರಿಂಗು, ಸ್ಲೈಡಿನ ಒಳಮೂಲೆ, ಒಂದೊಂದನ್ನೂ ತಿಕ್ಕಿದೆ. ಹೇಗೆ ತೊಳೆಯಬೇಕು ಅಂತ ಅವರು ವರ್ಷಗಟ್ಟಲೆ ಕಲಿಸಿದ್ದನ್ನು ಆ ದಿನ ಮೊದಲ ಸಲ ಸರಿಯಾಗಿ ಮಾಡಿದೆ. ಆ ಬಿಳಿ ಬಟ್ಟೆಯನ್ನೂ ಕಿಸೆಗೆ ಹಾಕಿಕೊಂಡೆ. ಹೆಂಡತಿ ಮಕ್ಕಳ ಮುಖ ಕಣ್ಣಿಗೆ ಬಂತು ಅಂತ ಬರೆಯಬಹುದು, ಸುಳ್ಳು. ನನ್ನ ಹೆಗಲ ಮೇಲಿನ ನಕ್ಷತ್ರ ಕಣ್ಣಿಗೆ ಬಂತು. ಅಂಜಿದೆ. ರೌಡಿಗಳಿಗೆ ಅಂಜದವನು ಒಂದು ಬಟ್ಟಲು ಕೆಂಪು ಸೀಮೆಎಣ್ಣೆಗೆ ಅಂಜಿದೆ.

ಮಾಮು ಬಂದರು. ಕೂತು, ಹಳಿಯ ಉದ್ದಕ್ಕೂ ಉಗುರು ಎಳೆದರು, ಒಂದು ಸಲ, ಇನ್ನೊಂದು ಸಲ. ಎಲ್ಲೂ ತಡೆಯಲಿಲ್ಲ.

‘ಛಲೋ ತೊಳ್ದೀರಿ’ ಅಂದರು.

ಮತ್ತೆ ಆ ವಿಷಯ ಅವರು ಎತ್ತಲಿಲ್ಲ.

ವಿಚಾರಣೆ ನಡೆಯಿತು. ಹೊರಗಿನಿಂದ ಬಂದ ತಜ್ಞರು ಪಿಸ್ತೂಲು ಬಿಚ್ಚಿ ನೋಡಿದರು. ಸ್ವಚ್ಛವಾಗಿದೆ, ದೋಷವಿಲ್ಲ, ಆದರೆ ಹಳಿಯಲ್ಲಿ ಅರದಿಂದ ತೀಡಿದ ಗುರುತಿದೆ. ಅದು ಮಾಮು ಗೀರು ತೆಗೆದ ಗುರುತು. ಕಾರ್ಖಾನೆಯ ಅಳತೆಯನ್ನು ಕೈಯಿಂದ ಕೆಡಿಸಿದ್ದಕ್ಕೆ ಹೀಗಾಗಿರಬಹುದು ಅಂತ ಬರೆದರು. ನನ್ನನ್ನು ಕೇಳಿದರು. ಹೌದು, ಮಾಮು ಅದನ್ನು ಹತ್ತು ದಿನ ತೀಡುತ್ತಿದ್ದರು ಅಂದೆ. ಒಂದೇ ವಾಕ್ಯ. ಪ್ರತಿ ಅಕ್ಷರವೂ ನಿಜ, ಅದರಂಥ ಸುಳ್ಳು ನಾನು ಜನ್ಮದಲ್ಲಿ ಹೇಳಿಲ್ಲ. ಮಾಮುವನ್ನು ಕೇಳಿದರು. ತೀಡಿದ್ದು ನಾನೇ ಅಂದರು. ಬೇರೆ ಏನಾದರೂ ಹೇಳುವುದಿದೆಯೇ ಅಂತ ಕೇಳಿದಾಗ ನನ್ನ ಕಡೆ ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು, ಬೇಡುವವರ ಹಾಗಲ್ಲ, ಕಾಯುವವರ ಹಾಗೆ. ನಾನು ಕಿಟಕಿ ನೋಡಿದೆ. ಏನೂ ಇಲ್ಲ ಅಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಹಾಗೆ. ಮಾಮುವಿನ ಬಡ್ತಿ ಹೋಯಿತು. ಇನ್ನು ಮುಂದೆ ಆಯುಧಗಳಿಗೆ ಅರ ತಾಗಿಸಕೂಡದು, ಬೀಗದ ಕೈ ಇಟ್ಟುಕೊಂಡು ಕೂರಬೇಕು ಅಂತ ಆದೇಶವಾಯಿತು. ಒಂದು ವಾರದ ಮೇಲೆ ಸಹಿಗೆ ಹೋದಾಗ ಪುಸ್ತಕ ನನ್ನ ಕಡೆ ಸರಿಸಿದರು. ಎಡಗೈ ಹೆಬ್ಬೆರಳಿನ ಉಗುರನ್ನು ಚರ್ಮದವರೆಗೆ ಕತ್ತರಿಸಿಕೊಂಡಿದ್ದರು.

ಅವರು ಕತ್ತರಿಸಿಕೊಂಡದ್ದು ಅದೊಂದೇ. ನನ್ನೊಡನೆ ಮಾತು ಬಿಡಲಿಲ್ಲ, ಚಹಾ ಕೊಡುವುದು ಬಿಡಲಿಲ್ಲ. ಪ್ರತಿ ದಸರೆಯ ಮರುದಿನ ಫೋನು ಮಾಡಿ, ಪೂಜೆ ಆಯಿತೇ, ಆಯುಧ ಕಳಿಸಿಕೊಡಿ, ನಾನು ಮುಟ್ಟುವುದಿಲ್ಲ, ಬೇರೆಯವರು ತೊಳೆಯುತ್ತಾರೆ ಅನ್ನುತ್ತಿದ್ದರು. ಆ ಫೋನು ಬಂದ ದಿನ ನಾನು ಯಾರಿಗಾದರೂ ಹೊಡೆಯುತ್ತಿದ್ದೆ. ಮಕ್ಕಳಿಗೆ, ಕಳ್ಳರಿಗೆ, ಯಾರು ಸಿಕ್ಕರೆ ಅವರಿಗೆ.

ಯಮನೂರಪ್ಪನ ಹೆಂಡತಿ ಹುಲಿಗೆವ್ವನಿಗೆ ಅನುಕಂಪದ ಮೇಲೆ ಆಯುಧಕೋಣೆ ಇದ್ದ ಕೊಪ್ಪಳದ ಪೊಲೀಸ್ ಕಚೇರಿಯಲ್ಲೇ ಕೆಲಸ ಸಿಕ್ಕಿತು. ಟಪಾಲು ತೆಗೆದುಕೊಂಡು ಮುದ್ರೆ ಹಾಕುವ ಕೆಲಸ. ಅವಳ ಕಿಟಕಿಯ ಮುಂದೆಯೇ ಆಯುಧಕೋಣೆಗೆ ದಾರಿ. ಮಾಮು ಹೋಗುವಾಗೊಮ್ಮೆ ಬರುವಾಗೊಮ್ಮೆ ಅವಳು ಎದ್ದು ಬಂದು ನೆಲಕ್ಕೆ ಉಗುಳುತ್ತಿದ್ದಳು. ಅವರ ನಿವೃತ್ತಿಯವರೆಗೆ, ಐದು ವರ್ಷ. ಮಾಮು ತಲೆ ತಗ್ಗಿಸಿ, ಆ ಉಗುಳನ್ನು ತುಳಿಯದೆ, ಬದಿಗೆ ಸರಿದು ಹೋಗುತ್ತಿದ್ದರು. ಒಮ್ಮೆ ನನ್ನ ಕಣ್ಣೆದುರೇ ಆಯಿತು. ನಾನು ಮಾಮುವಿನ ಹಿಂದೆಯೇ ಇದ್ದೆ. ಉಗುಳಿ ಸೆರಗಿನಿಂದ ಬಾಯಿ ಒರೆಸಿಕೊಂಡು, ನನಗೆ ಕೈ ಮುಗಿದಳು. ಅವಳ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ ಸಾಹೇಬನಲ್ಲವೇ ನಾನು.

ಕೊಪ್ಪಳಕ್ಕೆ ಹೋಗಿ ಮಣ್ಣು ಕೊಟ್ಟೆ, ಎಲ್ಲರಂತೆ ಮೂರು ಹಿಡಿ. ಮೂರನೆಯ ಹಿಡಿಯನ್ನು ಹಾಕಲು ಕೈ ಬಿಚ್ಚಿಕೊಳ್ಳಲಿಲ್ಲ. ಪಕ್ಕದಲ್ಲಿದ್ದ ಅವರ ಮಗ ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿದ.

ಅಲ್ಲಿಂದ ಹುಲಿಗೆವ್ವನ ಮನೆಗೆ ಹೋದೆ. 

ರೊಟ್ಟಿ ಬಡಿಯುತ್ತಿದ್ದಳು. ಸಾಹೇಬರು ಬಂದರು ಅಂತ ಹಿಟ್ಟಿನ ಕೈಯಲ್ಲೇ ಎದ್ದಳು. ನಿಂತೇ ಹೇಳಿದೆ. ಎಣ್ಣೆ, ಕುಂಕುಮ, ಯಮನೂರಪ್ಪ ಪಿಸ್ತೂಲು ಕೇಳಿದ್ದು, ನಾನು ಬೈದು ಕಳಿಸಿದ್ದು, ತೊಳೆದದ್ದು, ವಿಚಾರಣೆಯ ಆ ಒಂದು ವಾಕ್ಯ, ಎಲ್ಲ. ಒಲೆಯ ಮೇಲಿನ ರೊಟ್ಟಿ ಸುಟ್ಟು ಹೊಗೆ ತುಂಬಿತು. ಮುಗಿದ ಮೇಲೆ ಬಾಗಿಲಿಗೆ ಹೋಗಿ ಚಪ್ಪಲಿ ತಂದು ನನ್ನ ಮುಖಕ್ಕೆ ಹೊಡೆದಳು. ಎಷ್ಟು ಏಟು ಅಂತ ಗೊತ್ತಿಲ್ಲ. ನನ್ನ ಕೈಗಳು ಜೀವಮಾನದಲ್ಲಿ ಮೊದಲ ಸಲ ಸುಮ್ಮನೆ ಕೆಳಗೇ ಇದ್ದವು. ತುಟಿ ಒಡೆಯಿತು. ಅವಳು ದಣಿದು ಕುಸಿದು ಕೂತು, ನನಗಲ್ಲ, ಗೋಡೆಗೆ ಅಂದಳು:

‘ತಪ್ಪು ಮಾಡ್ಯಾನ, ಅದಕ್ಕ ತಲಿ ತಗ್ಗಿಸ್ತಾನ ಅಂದ್ಕೊಂಡಿದ್ದೆ. ಐದು ವರ್ಷ ಉಗುಳೀನಿ. ಒಂದು ದಿನ, ಒಂದು ದಿನರೆ ಬಾಯಿ ಬಿಡಲಿಲ್ಲಲ್ಲ.’

ಆಮೇಲೆ ನನ್ನ ಕಡೆ ತಿರುಗಿ, ತನಗೆ ಹೇಳಿ ಏನಾಗಬೇಕು, ಎಲ್ಲಿ ಸುಳ್ಳು ಹೇಳಿದಿರೋ ಅಲ್ಲಿ ಹೋಗಿ ಹೇಳಿ ಅಂದಳು.

ಮೂರು ದಿನ ಕೂತು ಬರೆದೆ. ಪಿಂಚಣಿ ಹೋಗಬಹುದು, ಜೈಲೂ ಆಗಬಹುದು ಅಂತ ವಕೀಲ ಗೆಳೆಯ ಹೇಳಿದ. ನಾಲ್ಕನೆಯ ದಿನ ಒಡೆದ ತುಟಿಯಲ್ಲೇ ಕಚೇರಿಗೆ ಹೋಗಿ, ಟಪಾಲಿನ ಕಿಟಕಿಯಲ್ಲಿ ಅರ್ಜಿ ಚಾಚಿದೆ. ಒಳಗೆ ಹುಲಿಗೆವ್ವ. ನನ್ನ ಮುಖ ನೋಡಲಿಲ್ಲ. ಹಾಳೆ ಬಿಚ್ಚಿದಳು.

‘ಅವ್ರ ಹೆಸರ ಪೂರ್ತಿ ಬರದೀರೇನು?’

‘ಬರದೀನವ್ವ.’

ಬೆರಳಿಟ್ಟು ಹುಡುಕಿ, ಆ ಹೆಸರನ್ನು ಗಟ್ಟಿಯಾಗಿ ಓದಿದಳು. ಅಪ್ಪನ ಹೆಸರು ಕೂಡಿಸಿ, ಪೂರ್ತಿ. ಶಾಲೆಯಲ್ಲಿ ಹಾಜರಿ ಕರೆದ ಹಾಗೆ. ಅವಳ ಬಾಯಲ್ಲಿ ಅದು ಬಂದದ್ದು ಮೊದಲ ಸಲ. ಹಿಂದೆ ನಿಂತಿದ್ದ ಇಬ್ಬರು ಪೇದೆಗಳು ತಿರುಗಿ ನೋಡಿದರು. ಮುದ್ರೆ ಹಾಕಿದಳು.

ಅವರಿಗೆ ಶಿಕ್ಷೆ ಕೊಟ್ಟ ಆದೇಶದಲ್ಲಿ ಆ ಹೆಸರಿದೆ, ಈಗ ಈ ಅರ್ಜಿಯಲ್ಲಿದೆ. ಮೊದಲನೆಯದನ್ನು ಹೊಡೆದುಹಾಕುವವರೆಗೆ ಮೂರನೆಯ ಕಡೆ ಅದನ್ನು ಬರೆಯುವ ಯೋಗ್ಯತೆ ನನಗಿಲ್ಲ. ಉತ್ತರ ಇನ್ನೂ ಬಂದಿಲ್ಲ. ಬಂದರೆ ಮೊದಲು ಅವಳ ಕೈಗೇ ಬರುತ್ತದೆ.